ಮೋಟರ್ ವೈಂಡಿಂಗ್ ಅಂಗಡಿಗೆ ಒಂದು ಎಐ ವರ್ಕ್‌ಫ್ಲೋ: ಕೋಡ್ ಬರೆಯದೆ ಕಟ್ಟಿದ ಬಗೆ

ತಿಪಟೂರು ಕಡೆ ನಮ್ಮ ಸೋದರಮಾವನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಮುತ್ತ ಎಲ್ಲಾ ತೆಂಗಿನ ತೋಟ, ತೋಟಕ್ಕೊಂದು ಬೋರು. ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಹೊತ್ತು ಬರುತ್ತದೆ. ಹಾಗಾಗಿ ಮೋಟರ್ ಕೈಕೊಡುವುದೂ ರಾತ್ರಿಯೇ, ಮಾವನ ವಾಟ್ಸಾಪ್‌ಗೆ ವಾಯ್ಸ್ ಮೆಸೇಜ್ ಬಂದು ಬೀಳುವುದೂ ರಾತ್ರಿಯೇ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದೊಂದನ್ನೇ ಕೇಳಬೇಕು. ಯಾರು, ಯಾವ ಊರು, ಎಷ್ಟು ಎಚ್‌ಪಿ, ಏನಾಗಿದೆ. ಬೇಸಿಗೆಯಲ್ಲಿ ಒಂದೆರಡು ಮೆಸೇಜ್ ತಪ್ಪಿಹೋಗುವುದು ಮಾಮೂಲು. ತಪ್ಪಿಹೋದವರು ಮಧ್ಯಾಹ್ನ ಅಂಗಡಿಗೇ ಬಂದು ಜಗಳ ತೆಗೆಯುವುದೂ ಮಾಮೂಲು.

ಬೇಕಾಗಿದ್ದು ಇಷ್ಟೇ. ಪ್ರತಿ ವಾಯ್ಸ್ ಮೆಸೇಜೂ ಗೂಗಲ್ ಶೀಟಿನಲ್ಲಿ ಒಂದು ಸಾಲಾಗಬೇಕು. ಅದನ್ನು ನೋಡಿ ಮಾವ "ಗಾಡಿ" ಅಥವಾ "ಬೈಕ್" ಅಂತ ಒಂದು ಬಟನ್ ಒತ್ತಬೇಕು. ಗಾಡಿ ಅಂದರೆ ಬೋರಿನಿಂದ ಮೋಟರ್ ಎತ್ತುವ ಗಾಡಿ, ಬಾಡಿಗೆಗೆ ತರಿಸುವಂಥದ್ದು. ಬೈಕ್ ಅಂದರೆ ಹುಡುಗ ಟೂಲ್ ಬ್ಯಾಗ್ ಹಾಕಿಕೊಂಡು ಹೋಗಿ ಸ್ಟಾರ್ಟರ್, ಫ್ಯೂಸ್, ಕೇಬಲ್ ನೋಡಿ ಬರುವುದು. ಈ ಒಂದು ತೀರ್ಮಾನದ ಮೇಲೆ ಇಡೀ ದಿನದ ಲೆಕ್ಕ ನಿಂತಿರುತ್ತದೆ.

ಕಟ್ಟಿದ್ದು ಎನ್8ಎನ್ ಎಂಬ ಟೂಲಿನಲ್ಲಿ. 2019ರಲ್ಲಿ ಬರ್ಲಿನ್ನಿನ ಯಾನ್ ಓಬರ್‌ಹೌಸರ್ ಶುರುಮಾಡಿದ್ದು. ಪರದೆ ಮೇಲೆ ಡಬ್ಬಿಗಳನ್ನಿಟ್ಟು ಗೆರೆ ಎಳೆದು ಜೋಡಿಸುವುದು, ಅಷ್ಟೇ ಕೆಲಸ. ಒಂದು ಡಬ್ಬಿಯಿಂದ ಹೊರಬಂದ ಮಾಹಿತಿ ಗೆರೆ ಹಿಡಿದು ಮುಂದಿನ ಡಬ್ಬಿಗೆ ಹೋಗುತ್ತದೆ. ಹೀಗೆ ಜೋಡಿಸಿದ ಇಡೀ ಸಾಲಿಗೆ ವರ್ಕ್‌ಫ್ಲೋ ಅನ್ನುತ್ತಾರೆ. ಡಬ್ಬಿ ಜೋಡಿಸುವ ಐಡಿಯಾ ಹೊಸದೇನಲ್ಲ. 1986ರಲ್ಲೇ ಲ್ಯಾಬ್‌ವ್ಯೂ ಇತ್ತು. 2007ರಿಂದ 2015ರವರೆಗೆ ಯಾಹೂ ಪೈಪ್ಸ್ ಇತ್ತು, ಬಳಸಿದವರು ಈಗಲೂ ನೆನೆಸಿಕೊಳ್ಳುತ್ತಾರೆ. 2013ರಲ್ಲಿ ಐಬಿಎಮ್‌ನಿಂದ ನೋಡ್-ರೆಡ್ ಬಂತು. ಈಗ ಆ ಡಬ್ಬಿಗಳ ಸಾಲಿಗೆ ಭಾಷಾ ಮಾಡೆಲ್, ಅಂದರೆ ಬರೆದದ್ದನ್ನು ಓದಿ ಉತ್ತರ ಬರೆಯುವ ಎಐ, ಎಂಬ ಡಬ್ಬಿಯೂ ಸೇರಿದೆ. ಲ್ಯಾಂಗ್‌ಫ್ಲೋ, ಫ್ಲೋವೈಸ್, ಡಿಫೈ ಇವೆಲ್ಲವೂ ಇದೇ ಜಾತಿಯವು. ಆದರೆ ಅವು ಚಾಟ್‌ಬಾಟ್ ಮಾಡುವುದಕ್ಕೆ, ಪಿಡಿಎಫ್ ಓದಿ ಉತ್ತರ ಹೇಳಿಸುವುದಕ್ಕೆ ಜಾಸ್ತಿ ಒಗ್ಗುತ್ತವೆ. ನನ್ನದು ಮೆಸೇಜ್ ಹಿಡಿ, ಶೀಟಿಗೆ ಹಾಕು, ಬಟನ್ ಕೇಳು ಎಂಬ ಕೆಲಸ. ಅದಕ್ಕೆ ಎನ್8ಎನ್ ಸರಿ ಅನ್ನಿಸಿತು. ನಮ್ಮ ಅಂಗಡಿಯ ಒಳಗಿನ ಕೆಲಸಕ್ಕೆ ನಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಂಡರೆ ದುಡ್ಡೂ ಕೊಡಬೇಕಿಲ್ಲ.

ಹಳೇ ಲ್ಯಾಪ್‌ಟಾಪೇ ಸರ್ವರ್

ಮನೆಯಲ್ಲಿ ಮೂಲೆಗೆ ಬಿದ್ದಿದ್ದ 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ, ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಒಂದೇ ಕಟ್ಟಾಗಿ ಓಡಿಸುವ ಟೂಲು) ಎನ್8ಎನ್ ಓಡಿಸಿದೆ. ಕೋಡ್ ಬರೆಯಲಿಲ್ಲ ಅಂದೆನಲ್ಲ, ಇಲ್ಲಿ ಮಾತ್ರ ಕಪ್ಪು ಪರದೆಯಲ್ಲಿ ಒಂದು ಕಮಾಂಡ್ ಪೇಸ್ಟ್ ಮಾಡಬೇಕು. ಬ್ರೌಸರ್‌ನಲ್ಲಿ ಪೋರ್ಟ್ 5678 ತೆರೆದರೆ ಖಾಲಿ ಹಾಳೆ ಸಿಗುತ್ತದೆ. ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ಪೂರ್ತಿ ಆಫ್ ಆದರೂ ತಲೆಕೆಡಿಸಿಕೊಳ್ಳಬೇಕಿಲ್ಲ, ತಲುಪದ ಮೆಸೇಜನ್ನು ಟೆಲಿಗ್ರಾಂ 24 ಗಂಟೆಯವರೆಗೆ ಇಟ್ಟುಕೊಂಡಿರುತ್ತದೆ. ಮೆಸೇಜುಗಳು ಎನ್8ಎನ್‌ಗೆ ಬರುವುದು ಟೆಲಿಗ್ರಾಂ ಮೂಲಕ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲೇ ಮಾಡಿಟ್ಟುಕೊಳ್ಳಬೇಕಾದ ಸೆಟ್ಟಿಂಗ್ ಎರಡು. ಒಂದು, ಟೈಮ್‌ಝೋನ್. ಏನೂ ಹೇಳದಿದ್ದರೆ ಅದು ನ್ಯೂಯಾರ್ಕಿನ ಗಡಿಯಾರ ನೋಡುತ್ತದೆ. ಏಷ್ಯಾ/ಕೋಲ್ಕತ್ತಾ ಅಂತ ಹಾಕದಿದ್ದರೆ "ಬೆಳಿಗ್ಗೆ ಆರಕ್ಕೆ ಪಟ್ಟಿ ಕಳಿಸು" ಅಂದಿದ್ದು ಇಲ್ಲಿ ಮಧ್ಯಾಹ್ನ ಮೂರೂವರೆಗೋ ನಾಲ್ಕೂವರೆಗೋ ಬರುತ್ತದೆ. ಎರಡು, ವೆಬ್‌ಹುಕ್ ಯುಆರ್‌ಎಲ್, ಅಂದರೆ ಹೊಸ ಮೆಸೇಜ್ ಬಂದಾಗ ಅದನ್ನು ತಂದು ಹಾಕಬೇಕಾದ ವಿಳಾಸ. ಟೆಲಿಗ್ರಾಂ ಮೆಸೇಜ್ ತಲುಪಿಸಲು ಹೊರಗಿನಿಂದ ಕಾಣುವ ಎಚ್‌ಟಿಟಿಪಿಎಸ್ ವಿಳಾಸ ಬೇಕು. ಮನೆಯ ಇಂಟರ್‌ನೆಟ್ಟಿಗೆ ಅದು ಇರುವುದಿಲ್ಲ. ಮನೆಯ ಕಂಪ್ಯೂಟರಿಗೆ ಹೊರಗಿನ ವಿಳಾಸ ಕೊಡುವ ಕ್ಲೌಡ್‌ಫ್ಲೇರ್ ಟನೆಲ್ ಎಂಬ ಸೇವೆ ಹಾಕಿ, ಅದರ ವಿಳಾಸವನ್ನು ಎನ್8ಎನ್‌ಗೆ ತಿಳಿಸಿದೆ.

ವಾಟ್ಸಾಪ್ ಬಿಟ್ಟು ಟೆಲಿಗ್ರಾಂ ಯಾಕೆ ಅಂತ ಕೇಳುತ್ತೀರಿ. ವಾಟ್ಸಾಪಿನ ಅಧಿಕೃತ ದಾರಿ ಹಿಡಿದರೆ ಮೆಟಾದಲ್ಲಿ ಬಿಸಿನೆಸ್ ಅಕೌಂಟ್, ನಂಬರಿನ ನೋಂದಣಿ ಅಂತ ಒಂದಷ್ಟು ಓಡಾಟ ಇದೆ. ಮಾವನ ನಂಬರು ಇಪ್ಪತ್ತು ಹಳ್ಳಿಯ ಗೋಡೆಗಳ ಮೇಲೆ ಬರೆದಿದೆ, ಅದನ್ನು ಮುಟ್ಟುವ ಧೈರ್ಯ ನನಗಿಲ್ಲ. ಟೆಲಿಗ್ರಾಂನಲ್ಲಾದರೆ ಬಾಟ್ (ಪ್ರೋಗ್ರಾಂ ನಡೆಸುವ ಅಕೌಂಟ್) ಮಾಡಿಕೊಡುವ ಬಾಟ್‌ಫಾದರ್ ಎಂಬ ಅಕೌಂಟಿನ ಹತ್ತಿರ ಹೋಗಿ ಹೆಸರು ಹೇಳಿದರೆ ಆಯ್ತು, ಬಾಟಿನ ಪಾಸ್‌ವರ್ಡಿನಂಥ ಟೋಕನ್ ಕೈಗೆ ಬರುತ್ತದೆ. ರೈತರು ಎಂದಿನಂತೆ ಮಾವನ ವಾಟ್ಸಾಪಿಗೇ ಕಳಿಸುತ್ತಾರೆ. ಅಂಗಡಿ ಹುಡುಗ ಅದನ್ನು ಬಾಟ್‌ಗೆ ಶೇರ್ ಮಾಡುತ್ತಾನೆ. ಮಧ್ಯೆ ಒಬ್ಬ ಮನುಷ್ಯ ಇರುವುದು ನನಗೆ ಒಳ್ಳೆಯದೇ ಅನ್ನಿಸುತ್ತದೆ. ಗುಡ್ ಮಾರ್ನಿಂಗ್ ಮೆಸೇಜು, ಮದುವೆ ಆಮಂತ್ರಣ ಎಲ್ಲಾ ಅಲ್ಲೇ ಸೋಸಿಹೋಗುತ್ತವೆ.

ಮೊದಲ ಡಬ್ಬಿಗಳು

ಟೆಲಿಗ್ರಾಂ ಟ್ರಿಗರ್ ಮೊದಲನೇ ಡಬ್ಬಿ, ಮೆಸೇಜ್ ಬಂದ ಕೂಡಲೇ ವರ್ಕ್‌ಫ್ಲೋ ಶುರುಮಾಡುವುದು ಇದೇ. ಇದರಲ್ಲಿ ಯಾರ ಚಾಟ್ ಐಡಿಯಿಂದ ಬಂದರೆ ಮಾತ್ರ ಓಡಬೇಕು ಅಂತ ಕಟ್ಟಿಹಾಕಬಹುದು. ಮಾವ, ಹುಡುಗ, ನಾನು, ಮೂವರನ್ನು ಮಾತ್ರ ಬಿಟ್ಟಿದ್ದೇನೆ. ಬಾಟ್ ತಾನಾಗಿ ಮೊದಲು ಯಾರಿಗೂ ಮೆಸೇಜ್ ಕಳಿಸುವಂತಿಲ್ಲ. ಹಾಗಾಗಿ ಮಾವನ ಫೋನಿನಲ್ಲಿ ಒಮ್ಮೆ ಸ್ಟಾರ್ಟ್ ಒತ್ತಿಸಿಕೊಳ್ಳಬೇಕು.

ಬಾಟ್ ಎರಡು ಮಾಡಿಕೊಳ್ಳಿ. ಟೆಲಿಗ್ರಾಂ ಒಂದು ಬಾಟಿಗೆ ಒಂದೇ ವೆಬ್‌ಹುಕ್ ಕೊಡುತ್ತದೆ. ನೀವು ಎಡಿಟರಿನಲ್ಲಿ ಟೆಸ್ಟ್ ಒತ್ತಿದ ಕೂಡಲೇ ವಿಳಾಸ ಟೆಸ್ಟ್ ಕಡೆಗೆ ತಿರುಗಿಕೊಳ್ಳುತ್ತದೆ, ಅಂಗಡಿಯಲ್ಲಿ ಓಡುತ್ತಿರುವುದು ಸುಮ್ನೆ ಕೂರುತ್ತದೆ. ಒಂದು ಬಾಟ್ ಅಂಗಡಿಗೆ, ಇನ್ನೊಂದು ನಮ್ಮ ಆಟಕ್ಕೆ.

ಎರಡನೇ ಡಬ್ಬಿ ಸ್ವಿಚ್, ಬಂದದ್ದು ಯಾವ ಥರದ್ದು ಅಂತ ನೋಡಿ ಬೇರೆ ಬೇರೆ ದಾರಿಗೆ ಕಳಿಸುವುದು. ಟೆಲಿಗ್ರಾಂನಲ್ಲೇ ಮೈಕ್ ಒತ್ತಿ ಮಾತಾಡಿದರೆ ಅದು 'ವಾಯ್ಸ್' ಎಂಬ ಹೆಸರಿನಲ್ಲಿ ಬರುತ್ತದೆ. ವಾಟ್ಸಾಪಿನಿಂದ ಶೇರ್ ಮಾಡಿದ್ದು ಕೆಲವು ಸಲ 'ಆಡಿಯೊ', ಕೆಲವು ಸಲ 'ಡಾಕ್ಯುಮೆಂಟ್'. ಧ್ವನಿ ಒಂದೇ, ಮಾಹಿತಿಯಲ್ಲಿ ಅದು ಕೂತಿರುವ ಜಾಗ ಬೇರೆ. ಸ್ವಿಚ್ಚಿನಿಂದ ಮೂರು ದಾರಿ ತೆಗೆದು, ಪ್ರತಿ ದಾರಿಯಲ್ಲೂ ಒಂದು 'ಎಡಿಟ್ ಫೀಲ್ಡ್ಸ್' ಡಬ್ಬಿ ಇಟ್ಟೆ. ಅದರ ಕೆಲಸ ಫೈಲಿನ ಐಡಿಯನ್ನು ಎಲ್ಲಿದ್ದರೂ ಹೆಕ್ಕಿ ಒಂದೇ ಹೆಸರಿಗೆ ತರುವುದು. ಆಮೇಲೆ ಮೂರೂ ಗೆರೆ ಒಂದೇ 'ಗೆಟ್ ಫೈಲ್' ಡಬ್ಬಿಗೆ. ಒಂದು ಡಬ್ಬಿಗೆ ಎಷ್ಟು ಗೆರೆ ಬೇಕಾದರೂ ಬಂದು ಸೇರಬಹುದು, ಮರ್ಜ್ ಡಬ್ಬಿ ಬೇಕಿಲ್ಲ. ನಾಲ್ಕನೇ ದಾರಿ ಫೋಟೊಗೆ, ಐದನೆಯದು ಬರೀ ಅಕ್ಷರದ ಮೆಸೇಜಿಗೆ.

ಇಲ್ಲಿ ಫೋನ್ ನಂಬರಿನ ತಕರಾರು ಒಂದಿತ್ತು. ವಾಟ್ಸಾಪಿನಿಂದ ಶೇರ್ ಮಾಡಿದರೆ ಧ್ವನಿ ಬರುತ್ತದೆ, ಯಾರು ಕಳಿಸಿದ್ದು ಅನ್ನುವುದು ಬರುವುದಿಲ್ಲ. ಅದಕ್ಕೆ ಹುಡುಗ ಶೇರ್ ಮಾಡುವಾಗ ಕ್ಯಾಪ್ಷನ್ ಜಾಗದಲ್ಲಿ ರೈತನ ನಂಬರ್ ಹಾಕುತ್ತಾನೆ. 10 ಅಂಕಿ ಇದೆಯಾ ಅಂತ ಒಂದು 'ಇಫ್' ಡಬ್ಬಿ ನೋಡುತ್ತದೆ. ಇಲ್ಲದಿದ್ದರೆ "ನಂಬರ್ ಹಾಕಿ ಮತ್ತೆ ಕಳಿಸು" ಅಂತ ಅಲ್ಲೇ ವಾಪಸ್. ಈ ನಂಬರು ಎಐ ಡಬ್ಬಿಯೊಳಗೆ ಹೋಗುವುದೇ ಇಲ್ಲ, ನೇರ ಶೀಟಿಗೆ. ಹೋಗಬೇಕಾದ ಕಾರಣವೂ ಇಲ್ಲ. ಒಂದು ಅಂಕಿ ಆಚೀಚೆ ಆದರೂ ಯಾರೋ ಅಪರಿಚಿತರಿಗೆ ಫೋನ್ ಹೋಗುತ್ತದೆ.

ಧ್ವನಿಯಿಂದ ಅಕ್ಷರ

ಧ್ವನಿಯನ್ನು ಕನ್ನಡ ಅಕ್ಷರಕ್ಕೆ ತಿರುಗಿಸುವ ಸೇವೆಗಳು ಈಗ ಹಲವು ಇವೆ. ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಇದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಮಾಡೆಲ್‌ಗಳಿವೆ. ಬೆಂಗಳೂರಿನ ಸರ್ವಂ ಎಐ ಇದೆ, ಕೇಂದ್ರ ಸರ್ಕಾರದ ಭಾಷಿಣಿ ಇದೆ. ಆರಿಸುವ ಮೊದಲು ನಿಮ್ಮ ಊರಿನದೇ ಧ್ವನಿ ಹಾಕಿ ನೋಡಿ. ಸ್ಟುಡಿಯೊದಲ್ಲಿ ಓದಿದ ಕನ್ನಡ ಬೇರೆ, ಗಾಳಿ ಬೀಸುವ ತೋಟದಲ್ಲಿ ನಿಂತು ಆಡಿದ ಕನ್ನಡ ಬೇರೆ. ನಾನು ಆರಿಸಿದ್ದಕ್ಕೆ ಎನ್8ಎನ್‌ನಲ್ಲಿ ಸಿದ್ಧ ಡಬ್ಬಿ ಇರಲಿಲ್ಲ. 'ಎಚ್‌ಟಿಟಿಪಿ ರಿಕ್ವೆಸ್ಟ್' ಡಬ್ಬಿ ಬಳಸಿದೆ. ಫಾರ್ಮ್-ಡೇಟಾ ಆರಿಸು, ಒಂದು ಸಾಲಿಗೆ ಫೈಲ್ ತೋರಿಸು, ಇನ್ನೊಂದಕ್ಕೆ ಕನ್ನಡದ ಭಾಷಾ ಸಂಕೇತ ಕೊಡು, ಮೇಲೆ ಆ ಸೇವೆಯವರು ಕೊಟ್ಟ ಕೀ ಹಾಕು. ಇದೊಂದು ಡಬ್ಬಿ ಕಲಿತರೆ ಸಾಕು, ಸಿದ್ಧ ಡಬ್ಬಿ ಇಲ್ಲದ ಯಾವ ಸೇವೆಯನ್ನಾದರೂ ಜೋಡಿಸಬಹುದು. ಇದರ ಸೆಟ್ಟಿಂಗಿನಲ್ಲಿ 'ರಿಟ್ರೈ ಆನ್ ಫೇಲ್' ಎಂಬ ಸ್ವಿಚ್ ಇದೆ, ಹಾಕಿಡಿ. ನಮ್ಮ ಕಡೆ ನೆಟ್‌ವರ್ಕ್ ಹೇಗೆ ಅಂತ ಗೊತ್ತಲ್ಲ.

ಈ ಡಬ್ಬಿಯಿಂದ ಹೊರಬರುವುದು ಬರೀ ಅಕ್ಷರ. ಹಿಂದಿನ ಕ್ಯಾಪ್ಷನ್, ಮೆಸೇಜ್ ಐಡಿ ಎಲ್ಲಾ ಇಲ್ಲಿಗೆ ನಿಂತುಹೋದ ಹಾಗೆ ಕಾಣುತ್ತದೆ. ಹೊಸಬರು ಜಾಸ್ತಿ ಗಾಬರಿಯಾಗುವುದು ಇಲ್ಲೇ. ಅವು ಎಲ್ಲೂ ಹೋಗಿರುವುದಿಲ್ಲ. ಮುಂದಿನ ಯಾವ ಡಬ್ಬಿ ತೆರೆದರೂ ಎಡಗಡೆ ಫಲಕದಲ್ಲಿ ಹಿಂದಿನ ಎಲ್ಲಾ ಡಬ್ಬಿಗಳ ಮಾಹಿತಿ ಸಿಗುತ್ತದೆ. ಮೊದಲ ಡಬ್ಬಿಯನ್ನು ಆರಿಸಿ, ಬೇಕಾದ್ದನ್ನು ಮೌಸಿನಲ್ಲಿ ಎಳೆದು ತಂದು ಬಿಟ್ಟರೆ ಆ ಮಾಹಿತಿ ತರುವ ಸೂತ್ರವನ್ನು (ಎಕ್ಸ್‌ಪ್ರೆಷನ್) ತಾನೇ ಬರೆದುಕೊಳ್ಳುತ್ತದೆ.

ಒಮ್ಮೆ ಬಂದ ಅಕ್ಷರವನ್ನು 'ಪಿನ್' ಮಾಡಿಟ್ಟರೆ ಮುಂದಿನ ಡಬ್ಬಿಗಳನ್ನು ಎಷ್ಟು ಸಲ ಬೇಕಾದರೂ ಓಡಿಸಿ ನೋಡಬಹುದು. ಪ್ರತಿ ಸಲವೂ ಧ್ವನಿ ಕಳಿಸಿ ದುಡ್ಡು ಕಳೆಯಬೇಕಿಲ್ಲ. ಫೈಲನ್ನು ಪಿನ್ ಮಾಡಲು ಬರುವುದಿಲ್ಲ, ಅಕ್ಷರವಾದ ಮೇಲೆಯೇ ಪಿನ್.

ಏಳೂವರೆ ಮೋಟರ್

ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಡಬ್ಬಿಯ ಹೆಸರು 'ಇನ್ಫರ್ಮೇಷನ್ ಎಕ್ಸ್‌ಟ್ರಾಕ್ಟರ್'. ಅದರ ಕೆಳಗೆ ಚಿಕ್ಕದೊಂದು ಕೊಂಡಿ ಇರುತ್ತದೆ, ಚುಕ್ಕಿ ಗೆರೆಯಲ್ಲಿ ಯಾವುದಾದರೂ ಚಾಟ್ ಮಾಡೆಲ್ ಜೋಡಿಸಬೇಕು. ನಾಳೆ ಬೇರೆ ಮಾಡೆಲ್ ಬೇಕೆನಿಸಿದರೆ ಆ ಚಿಕ್ಕ ಡಬ್ಬಿ ಮಾತ್ರ ಬದಲಾಯಿಸಿದರೆ ಆಯ್ತು. ಟೆಂಪರೇಚರ್, ಅಂದರೆ ಉತ್ತರ ಎಷ್ಟು ಆಚೀಚೆ ಹೋಗಬಹುದು ಅನ್ನುವ ಸೆಟ್ಟಿಂಗ್, ಸೊನ್ನೆ ಇಡಿ. ಕಥೆ ಬರೆಸುತ್ತಿಲ್ಲವಲ್ಲ.

ಬರುವ ಮೆಸೇಜುಗಳ ಧಾಟಿ ಹೀಗಿರುತ್ತದೆ: "ಅಣ್ಣಾ, ಹೊನ್ನವಳ್ಳಿಯಿಂದ ಕಣಣ್ಣಾ. ಏಳೂವರೆ ಮೋಟ್ರು. ರಾತ್ರಿ ಕರೆಂಟ್ ಬಂದಾಗ ಆನ್ ಮಾಡುದ್ರೆ ಗುಂಯ್ ಅಂತದೆ, ನೀರೇ ಎತ್ತಲ್ಲ. ಸ್ಟಾರ್ಟ್ರು ಟಪ್ ಅಂತ ಬಿದ್ದೋಯ್ತದೆ. ಬೇಗ ಬಾರಣ್ಣ, ಕಾಯಿ ಉದುರ್ತಾವೆ."

ಇದರಿಂದ ಊರು, ಎಚ್‌ಪಿ, ಸಮಸ್ಯೆ ಮೂರನ್ನು ತೆಗೆಯಬೇಕು. ನಮಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ. ಡಬ್ಬಿ ಕೊಟ್ಟ ಉತ್ತರ: ಊರು ಹೊನ್ನಾಳಿ, ಎಚ್‌ಪಿ 7:30, ಸಮಸ್ಯೆ "ಕಾಯಿಲ್ ಸುಟ್ಟಿದೆ". ಮೂರೂ ತಪ್ಪು, ಮೂರೂ ಬೇರೆ ಬೇರೆ ಥರದ ತಪ್ಪು.

ಏಳೂವರೆ ಎಂಬುದನ್ನು ಧ್ವನಿ ತಿರುಗಿಸುವ ಹಂತದಲ್ಲೇ ಗಡಿಯಾರದ ಹೊತ್ತು ಅಂದುಕೊಂಡು ಬರೆದಿತ್ತು. ಪ್ರತಿ ಫೀಲ್ಡಿಗೂ (ಊರು, ಎಚ್‌ಪಿ ಥರದ ಒಂದೊಂದು ಖಾನೆಗೂ) ವಿವರಣೆ ಬರೆಯುವ ಜಾಗ ಇರುತ್ತದೆ. ಅಲ್ಲಿ ಕನ್ನಡದಲ್ಲೇ ಬರೆದೆ: "ಮೋಟರಿನ ಎಚ್‌ಪಿ. ಏಳೂವರೆ ಅಥವಾ 7:30 ಅಂದರೆ 7.5. ಐದರದು ಅಂದರೆ 5." ಇಷ್ಟಕ್ಕೇ ನಂಬಲಿಲ್ಲ. ಮುಂದೆ ಒಂದು 'ಇಫ್' ಇಟ್ಟು, ಬಂದ ಸಂಖ್ಯೆ 3, 5, 7.5, 10, 12.5, 15 ಇವುಗಳಲ್ಲಿ ಒಂದಾ ಅಂತ ನೋಡಿಸಿದೆ. ಮಾವನ ಕೈಗೆ ಬರುವುದು ಬಹುತೇಕ ಇವೇ. ಇವಲ್ಲದ್ದು ಬಂದರೆ ಎಚ್‌ಪಿ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬೀಳುತ್ತದೆ.

ಊರಿಗೆ ಪಟ್ಟಿಯೇ ಮದ್ದು. ಹೊನ್ನಾಳಿ ಇರುವುದು ದಾವಣಗೆರೆ ಜಿಲ್ಲೆಯಲ್ಲಿ, ಅಲ್ಲಿಂದ ಮಾವನಿಗೆ ಯಾರು ಫೋನ್ ಮಾಡುತ್ತಾರೆ? ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ ಹೋಬಳಿಗಳಲ್ಲಿ ಮಾವ ಹೋಗುವ ಹಳ್ಳಿಗಳನ್ನೆಲ್ಲ ಅವರ ಬಾಯಿಂದಲೇ ಹೇಳಿಸಿ ಬರೆದುಕೊಂಡೆ. "ಈ ಪಟ್ಟಿಯಲ್ಲಿ ಹತ್ತಿರದ್ದು ಇದ್ದರೆ ಅದನ್ನೇ ಬರೆ, ಇಲ್ಲದಿದ್ದರೆ ಖಾಲಿ ಬಿಡು" ಅಂತ ಸೂಚನೆ ಕೊಟ್ಟೆ. ಖಾಲಿ ಬಿಡು ಅನ್ನುವುದು ಮುಖ್ಯ. ಪ್ರತಿ ಫೀಲ್ಡಿನ ಪಕ್ಕ 'ರಿಕ್ವೈರ್ಡ್' ಎಂಬ ಸ್ವಿಚ್ ಇದೆ. ಆನ್ ಮಾಡಿದರೆ ಗಟ್ಟಿಯಾಗುತ್ತದೆ ಅನ್ನಿಸುತ್ತದೆ, ಆಗುವುದು ಉಲ್ಟಾ. ರೈತ ಊರಿನ ಹೆಸರೇ ಹೇಳದಿದ್ದರೂ ಮಾಡೆಲ್ ಏನಾದರೊಂದು ತುಂಬಿಸಿ ಕೊಡುತ್ತದೆ. ಎಲ್ಲದರಲ್ಲೂ ಆಫ್ ಮಾಡಿದೆ.

ಮೂರನೆಯದಕ್ಕೆ ಮಾವ ರೇಗಿದರು. "ನೋಡದೇ ಮುಟ್ಟದೇ ಕಾಯಿಲ್ ಸುಟ್ಟಿದೆ ಅಂತ ಹೆಂಗಪ್ಪ ಹೇಳ್ತದೆ ಇದು? ಗುಂಯ್ ಅಂದ್ರೆ ಮೊದ್ಲು ಒಂದು ಫೇಸ್ ಬಂದಿಲ್ವಾ ನೋಡ್ಬೇಕು." ಅವರ ಮಾತು ಸರಿ. ಮೂರರಲ್ಲಿ ಒಂದು ಫೇಸ್ ಇಲ್ಲದಿದ್ದರೆ ಮೋಟರ್ ತಿರುಗದೆ ಗುಂಯ್‌ಗುಡುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ, ಓವರ್‌ಲೋಡ್ ರಿಲೇ ಸ್ಟಾರ್ಟರನ್ನು ಬೀಳಿಸುತ್ತದೆ. ಫ್ಯೂಸ್ ಹಾಕಿದರೆ ಮುಗಿಯುವ ಕೆಲಸ ಇರಬಹುದು. ಅದಕ್ಕೆ ಗಾಡಿ ಕಳಿಸಿದರೆ ಬಾಡಿಗೆ ದಂಡ. ಹಾಗೆಯೇ "ನೀರು ಬಿಟ್ಟು ಬಿಟ್ಟು ಬರುತ್ತೆ" ಅಂದರೆ ಎಷ್ಟೋ ಸಲ ಮೋಟರಿನದು ತಪ್ಪೇ ಇರುವುದಿಲ್ಲ, ಬೋರಿನಲ್ಲಿ ನೀರು ಕಡಿಮೆಯಾಗಿರುತ್ತದೆ.

ಹಾಗಾಗಿ 'ಸಮಸ್ಯೆ' ಎಂಬ ಫೀಲ್ಡನ್ನೇ ತೆಗೆದುಹಾಕಿದೆ. ಬದಲಿಗೆ 'ರೈತ ಹೇಳಿದ್ದು' ಅಂತ ಇಟ್ಟೆ. ವಿವರಣೆ: "ಮೋಟರ್ ಏನು ಮಾಡುತ್ತಿದೆ ಎಂದು ರೈತ ಹೇಳಿದ ಮಾತು, ಅವನ ಪದಗಳಲ್ಲೇ. ಕಾರಣ ಊಹಿಸಬೇಡ." ಈಗ ಆ ಜಾಗದಲ್ಲಿ "ಗುಂಯ್ ಅಂತದೆ, ನೀರು ಎತ್ತಲ್ಲ, ಸ್ಟಾರ್ಟರ್ ಬೀಳುತ್ತೆ" ಅಂತ ಬರುತ್ತದೆ. ಮಾವನಿಗೆ ಬೇಕಾಗಿದ್ದೂ ಇದೇ. ಎಐ ಹಾಕಿದ್ದೇವೆ ಅಂದ ಮಾತ್ರಕ್ಕೆ ರಿಪೇರಿಯವನ ಕೆಲಸವನ್ನೂ ಅದರ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಕಿವಿಯಲ್ಲಿ ಕೇಳಿ ಬರೆದುಕೊಳ್ಳಲಿ, ಸಾಕು. ಇಡೀ ವರ್ಕ್‌ಫ್ಲೋದಲ್ಲಿ ಎಐ ಎಂಬುದು ಇರುವುದು ಎರಡೇ ಕಡೆ: ಧ್ವನಿಯನ್ನು ಅಕ್ಷರ ಮಾಡುವಲ್ಲಿ, ಅಕ್ಷರದಿಂದ ಫೀಲ್ಡ್ ಹೆಕ್ಕುವಲ್ಲಿ. ಉಳಿದದ್ದೆಲ್ಲ ಇಫ್, ಸ್ವಿಚ್, ಶೀಟು.

ಶೀಟು, ಬಟನ್ನು

ಗೂಗಲ್ ಶೀಟ್ ಜೋಡಿಸಲು ಎರಡು ದಾರಿ. ನಮ್ಮ ಅಕೌಂಟಿನಿಂದ ಲಾಗಿನ್ ಕೊಡುವುದು ಒಂದು. ಆದರೆ ಗೂಗಲ್ ಕ್ಲೌಡಿನಲ್ಲಿ ನಿಮ್ಮ ಆ್ಯಪ್ 'ಟೆಸ್ಟಿಂಗ್' ಹಂತದಲ್ಲೇ ಇದ್ದರೆ ಆ ಅನುಮತಿ 7 ದಿನಕ್ಕೆ ಮುಗಿಯುತ್ತದೆ. ವಾರಕ್ಕೊಮ್ಮೆ ಲಾಗಿನ್ ಮಾಡುತ್ತಾ ಕೂರುವವರು ಯಾರು? ಸರ್ವಿಸ್ ಅಕೌಂಟ್ (ಮನುಷ್ಯರಿಗಲ್ಲ, ಪ್ರೋಗ್ರಾಮಿಗೆಂದೇ ಇರುವ ಅಕೌಂಟ್) ಮಾಡಿ, ಅದರ ಇಮೇಲ್ ವಿಳಾಸಕ್ಕೆ ಶೀಟನ್ನು ಶೇರ್ ಮಾಡಿದರೆ ಈ ರಗಳೆ ಇಲ್ಲ.

ಮೊದಲು ಸಾಲು ಬರೆ, ಆಮೇಲೆ ಮಾವನನ್ನು ಕೇಳು. ಈ ಕ್ರಮ ಬೇಕೆಂದೇ ಇಟ್ಟಿದ್ದು. ಮಾವ ಬೋರಿನ ಹತ್ತಿರ ನಿಂತಿರುತ್ತಾರೆ, ಕೈಯೆಲ್ಲಾ ಗ್ರೀಸು, ಬಟನ್ ಒತ್ತುವುದು ಸಂಜೆಯಾಗಬಹುದು. ಸಾಲು ಮೊದಲೇ 'ಹೊಸದು' ಅಂತ ಬಿದ್ದಿದ್ದರೆ ಯಾವುದೂ ಕಳೆದುಹೋಗುವುದಿಲ್ಲ. ಮೆಸೇಜ್ ಐಡಿಗೂ ಒಂದು ಕಾಲಂ ಇಟ್ಟಿದ್ದೇನೆ. ಬಟನ್ ಒತ್ತಿದ ಮೇಲೆ ಅದೇ ಐಡಿ ಇರುವ ಸಾಲನ್ನು ಹುಡುಕಿ 'ಹೊಸದು' ಎಂಬುದನ್ನು ಬದಲಾಯಿಸುತ್ತದೆ.

ಬಟನ್‌ಗೆ ಟೆಲಿಗ್ರಾಂ ಡಬ್ಬಿಯಲ್ಲೇ 'ಸೆಂಡ್ ಆ್ಯಂಡ್ ವೇಟ್' ಇದೆ. ಇದನ್ನು ಮಾಡಿರುವುದು ಒಪ್ಪಿಗೆ, ನಿರಾಕರಣೆ ಕೇಳಲು. ಎರಡೂ ಬಟನ್ನಿನ ಹೆಸರು ಬದಲಾಯಿಸಬಹುದಲ್ವಾ? ಒಪ್ಪಿಗೆಗೆ "ಗಾಡಿ", ನಿರಾಕರಣೆಗೆ "ಬೈಕ್" ಅಂತ ಹಾಕಿದೆ. ಹಿಂದೆ ಬರುವುದು ಹೌದು ಅಥವಾ ಇಲ್ಲ, ಒಂದು ಇಫ್ ಇಟ್ಟರೆ ದಾರಿ ಎರಡಾಗುತ್ತದೆ. ಬಟನ್ ಒತ್ತಿದರೆ ಬ್ರೌಸರಿನಲ್ಲಿ ಒಂದು ಸಣ್ಣ ಪುಟ ತೆರೆಯುತ್ತದೆ, ವೆಬ್‌ಹುಕ್ ಯುಆರ್‌ಎಲ್ ಸರಿಯಿಲ್ಲದಿದ್ದರೆ ಅದು ತೆರೆಯುವುದೇ ಇಲ್ಲ. ಇನ್ನೊಂದು ಸಣ್ಣ ವಿಷಯ: ಪ್ರತಿ ಮೆಸೇಜಿನ ಕೆಳಗೆ ಇದು ಎನ್8ಎನ್‌ನಿಂದ ಬಂತು ಎಂಬ ಇಂಗ್ಲಿಷ್ ಸಾಲೊಂದು ಅಂಟಿಕೊಂಡು ಬರುತ್ತದೆ. ಆಪ್ಷನ್ಸ್‌ನಲ್ಲಿ 'ಅಟ್ರಿಬ್ಯೂಷನ್' ಆಫ್ ಮಾಡಿ.

ಬೆಳಗಿನ ಪಟ್ಟಿ

ಇದು ಬೇರೆಯದೇ ವರ್ಕ್‌ಫ್ಲೋ. ಬೆಳಿಗ್ಗೆ ಆರಕ್ಕೆ ಶೆಡ್ಯೂಲ್ ಟ್ರಿಗರ್ ಏಳುತ್ತದೆ, ಶೀಟಿನಿಂದ ಮುಗಿಯದ ಸಾಲುಗಳನ್ನು ತೆಗೆಯುತ್ತದೆ, ಊರಿನ ಪ್ರಕಾರ ಜೋಡಿಸಿ ಮಾವನಿಗೂ ಹುಡುಗನಿಗೂ ಕಳಿಸುತ್ತದೆ. ಒಂದೇ ಕಡೆಯ ಊರುಗಳು ಒಟ್ಟಿಗೆ ಕಂಡರೆ ಗಾಡಿ ಒಂದೇ ಸುತ್ತಿನಲ್ಲಿ ಮುಗಿಸಬಹುದು. ಇದಕ್ಕೂ ಎಐ ಹಾಕಿ "ಚೆನ್ನಾಗಿ ಸಾರಾಂಶ ಮಾಡು" ಅನ್ನಬಹುದಿತ್ತು. ಬೇಡ ಅನ್ನಿಸಿತು. ಶೀಟಿನಲ್ಲಿ ಇರುವುದು ಇರುವ ಹಾಗೆ ಬರಬೇಕು. ಸಾರಾಂಶದಲ್ಲಿ ಒಂದು ಊರು ಬಿಟ್ಟುಹೋದರೆ ಮತ್ತದೇ ಜಗಳ.

ಎನ್8ಎನ್‌ನಲ್ಲಿ ಎಷ್ಟು ಸಾಲು ಒಳಗೆ ಬಂದರೆ ಡಬ್ಬಿ ಅಷ್ಟು ಸಲ ಓಡುತ್ತದೆ. ಶೀಟಿನಿಂದ ಹದಿನೈದು ಸಾಲು ತೆಗೆದು ನೇರ ಟೆಲಿಗ್ರಾಂಗೆ ಗೆರೆ ಎಳೆದರೆ ಮಾವನ ಫೋನು ಹದಿನೈದು ಸಲ ಕಿರುಚುತ್ತದೆ. ಮಧ್ಯೆ 'ಅಗ್ರಿಗೇಟ್' ಎಂಬ ಡಬ್ಬಿ ಇಟ್ಟರೆ ಎಲ್ಲವೂ ಒಂದೇ ಕಟ್ಟಾಗಿ ಹೋಗುತ್ತದೆ. ಟೆಲಿಗ್ರಾಂನ ಒಂದು ಮೆಸೇಜಿಗೆ 4096 ಅಕ್ಷರದ ಮಿತಿ ಇದೆ, ಬೇಸಿಗೆಯ ಭರಾಟೆಯಲ್ಲಿ ನೆನಪಿರಲಿ.

ಏನಾದರೂ ಕೆಟ್ಟರೆ ತಿಳಿಯಲು ಮೂರನೇ ವರ್ಕ್‌ಫ್ಲೋ. 'ಎರರ್ ಟ್ರಿಗರ್' ಒಂದು, ನನಗೆ ಮೆಸೇಜ್ ಕಳಿಸುವುದು ಒಂದು, ಎರಡೇ ಡಬ್ಬಿ. ಉಳಿದ ವರ್ಕ್‌ಫ್ಲೋಗಳ ಸೆಟ್ಟಿಂಗಿನಲ್ಲಿ ಇದನ್ನು ತೋರಿಸಬೇಕು. ಕೈಯಲ್ಲಿ ಟೆಸ್ಟ್ ಒತ್ತಿದಾಗ ಇದು ಏಳುವುದಿಲ್ಲ, ತಾನಾಗಿ ಓಡಿದಾಗ ಮಾತ್ರ. ಕೆಲಸ ಮಾಡುತ್ತಿಲ್ಲ ಅಂತ ಗಾಬರಿಬೀಳಬೇಡಿ.

ಬ್ಯಾಕಪ್ ತೆಗೆಯುವಾಗ ವರ್ಕ್‌ಫ್ಲೋವನ್ನು ಡೌನ್‌ಲೋಡ್ ಮಾಡಿದರೆ ಡಬ್ಬಿಗಳು ಬರುತ್ತವೆ, ಟೋಕನ್ನು ಕೀಗಳು ಬರುವುದಿಲ್ಲ. ಅವು ಡೇಟಾಬೇಸಿನಲ್ಲಿ ಬೀಗ ಹಾಕಿ ಕೂತಿರುತ್ತವೆ, ಆ ಬೀಗದ ಕೀ ಎನ್8ಎನ್‌ನ ಕಾನ್ಫಿಗ್ ಫೈಲಿನಲ್ಲಿರುತ್ತದೆ. ಲ್ಯಾಪ್‌ಟಾಪ್ ಹಳೆಯದು, ಯಾವತ್ತು ಕಣ್ಣು ಮುಚ್ಚುತ್ತದೋ. ಇವೆಲ್ಲ ಇರುವ ಡಾಕರ್ ವಾಲ್ಯೂಮನ್ನು ಪೂರ್ತಿಯಾಗಿ ಒಂದು ಪೆನ್‌ಡ್ರೈವಿಗೆ ಹಾಕಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ.

ಸ್ವಿಚ್ಚಿನ ನಾಲ್ಕನೇ ದಾರಿ, ಫೋಟೊದ್ದು, ಇನ್ನೂ ಅರ್ಧ. ಈಗ ಅದು ಫೋಟೊವನ್ನು ಹಾಗೇ ಮಾವನಿಗೆ ದಾಟಿಸುತ್ತದೆ ಅಷ್ಟೇ. ಪ್ಯಾನೆಲ್ ಬೋರ್ಡಿನ ಫೋಟೊ, ಮೋಟರಿನ ನೇಮ್‌ಪ್ಲೇಟಿನ ಫೋಟೊ ಕಳಿಸುವವರು ಈಚೆಗೆ ಜಾಸ್ತಿಯಾಗಿದ್ದಾರೆ. ನೇಮ್‌ಪ್ಲೇಟಿನಿಂದ ಎಚ್‌ಪಿ, ಸ್ಟೇಜು (ಪಂಪಿನ ಹಂತಗಳ ಸಂಖ್ಯೆ) ಓದಿಸಬಹುದು. ಆದರೆ ಬೋರಿನಿಂದ ಎತ್ತಿದ ಮೋಟರಿನ ಪ್ಲೇಟಿನ ಮೇಲೆ ಉಪ್ಪು, ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಮಾವನೇ ಬೆರಳಲ್ಲಿ ಉಜ್ಜಿ ಓದುತ್ತಾರೆ. ಮಳೆ ಹಿಡಿದು ಅಂಗಡಿಯಲ್ಲಿ ಕೆಲಸ ಇಳಿದ ಮೇಲೆ ಒಂದಷ್ಟು ಫೋಟೊ ಹಾಕಿ ನೋಡಬೇಕು. ಅದಕ್ಕೂ ಮುಂದೆ ಅದೇ ಎಚ್‌ಪಿ ಪಟ್ಟಿಯ ಇಫ್ ಡಬ್ಬಿ ಇರುತ್ತದೆ.